ಇಮೇಲ್ ಪಾರ್ಸ್ ಮಾಡಿ ವಾಪಸ್ ಬರೆಯುವಾಗ ಮೂಲ ಬೈಟು ಕೆಡದಂತೆ ಉಳಿಸೋದು ಹೇಗೆ?

ಕುಂದವಾಡ_ಕೆರೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕೃಷಿ ಸಹಕಾರ ಸಂಘಕ್ಕೆ ಮೇಲ್ ಗೇಟ್‌ವೇ ಬರೀತಿದ್ದೇವೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹರಿಹರ ಶಾಖೆಗಳ ಮೇಲ್ ಎಲ್ಲಾ ದಾವಣಗೆರೆಯ ಒಂದೇ ಸರ್ವರ್ ದಾಟಿ ಹೋಗಬೇಕು, ಬರಬೇಕು. ಮುಂದೆ ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸೋ ಸರ್ವರ್ ಪ್ರೋಗ್ರಾಂ) ಇದೆ. ಅದು 10025ನೇ ಪೋರ್ಟಿನಲ್ಲಿರೋ ನಮ್ಮ ಪೈಥಾನ್ ಫಿಲ್ಟರ್‌ಗೆ ಮೇಲ್ ಕೊಡುತ್ತೆ, ಫಿಲ್ಟರ್ ಅದನ್ನ 10026ಕ್ಕೆ ವಾಪಸ್ ಹಾಕುತ್ತೆ.

ಫಿಲ್ಟರ್ ಕೆಲಸ ಮೂರೇ. ಪ್ರತಿ ಮೇಲ್‌ಗೆ ಕಡತ ಸಂಖ್ಯೆಯ ಒಂದು ಹೆಡರ್ ಸೇರಿಸೋದು, ಹೊರಗೆ ಹೋಗೋ ಮೇಲ್‌ನ ಕೊನೆಗೆ ಎರಡು ಸಾಲಿನ ಕನ್ನಡ ಸೂಚನೆ ಹಾಕೋದು, ಒಂದು ಪ್ರತಿಯನ್ನ ದಾಖಲೆಗೆ ಇಡೋದು. ಕೋಡ್ ಹೀಗಿದೆ: ಬಂದ ಬೈಟುಗಳನ್ನ ಪೈಥಾನ್‌ನ ಇಮೇಲ್ ಲೈಬ್ರರಿಗೆ ಡಿಫಾಲ್ಟ್ ಪಾಲಿಸಿ ಜೊತೆ ಕೊಟ್ಟು ಮೆಸೇಜ್ ಆಬ್ಜೆಕ್ಟ್ ಮಾಡ್ಕೋತೀವಿ. ಪ್ರತಿ ಟೆಕ್ಸ್ಟ್ ಭಾಗಕ್ಕೂ ಗೆಟ್ ಕಂಟೆಂಟ್, ಸೂಚನೆ ಜೋಡಣೆ, ಸೆಟ್ ಕಂಟೆಂಟ್. ಕೊನೆಗೆ ಎಸ್‌ಎಂಟಿಪಿ ಲೈಬ್ರರಿಯ ಸೆಂಡ್ ಮೆಸೇಜ್.

ಕಾಣ್ತಿರೋ ತೊಂದರೆಗಳು: ಒಳಗೆ ಬಂದು ಶಾಖೆಯಿಂದ ಹೊರಗೆ ಫಾರ್ವರ್ಡ್ ಆಗೋ ಮೇಲ್‌ಗಳಲ್ಲಿ, ನಾವು ಸೂಚನೆ ಹಾಕದೇ ಇದ್ದರೂ, ಡಿಕಿಮ್ (ಕಳಿಸಿದ ಡೊಮೇನ್ ಹಾಕೋ ಡಿಜಿಟಲ್ ಸಹಿ) ಪರಿಶೀಲನೆ ಬಾಡಿ ಹ್ಯಾಶ್ (ಮೇಲ್‌ನ ಒಡಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತು) ಹೊಂದಲಿಲ್ಲ ಅಂತ ಬೀಳುತ್ತೆ. ಪಿಜಿಪಿ ಮತ್ತು ಎಸ್‌ಮೈಮ್ (ಕಳಿಸಿದ ವ್ಯಕ್ತಿಯೇ ಹಾಕೋ) ಸಹಿ ಇರೋ ಮೇಲ್‌ಗಳ ಸಹಿ ಕೆಟ್ಟಿದೆ ಅಂತ ತೋರಿಸುತ್ತೆ. ಕನ್ನಡ ಸಬ್ಜೆಕ್ಟ್‌ಗಳಲ್ಲಿ ಕೆಲವೊಮ್ಮೆ ಮಧ್ಯದ ಅಕ್ಷರ ಹೋಗಿ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ. ದಾಖಲೆಯ ಪ್ರತಿಯ ಗಾತ್ರ ಮೂಲದ ಗಾತ್ರಕ್ಕೆ ಸರಿಹೊಂದಲ್ಲ, ಲೆಕ್ಕಪರಿಶೋಧಕರಿಗೆ ಮೂಲದಂತೆಯೇ ಇರೋ ಪ್ರತಿ ಬೇಕು.

ಪಾಲಿಸಿಯಲ್ಲಿ ಎರಡು ಮೂರು ಆಯ್ಕೆ ಬದಲಾಯಿಸಿದ್ರೆ ಸಾಕಾ, ಅಥವಾ ದಾರಿಯೇ ಬದಲಾಗಬೇಕಾ?

---

ಜೋಗಿಮಟ್ಟಿ (ಚಿತ್ರದುರ್ಗ)

ದಾರಿಯೇ ಬದಲಾಗಬೇಕು ಸರ್. ಪಾರ್ಸ್ ಮಾಡಿದ ಮರ (ಮೇಲ್ ಅನ್ನು ಭಾಗಗಳಾಗಿ ಬಿಡಿಸಿಟ್ಟ ರಚನೆ) ಇರೋದು ಮೇಲ್ ಓದೋದಕ್ಕೆ. ಕಳಿಸುವಾಗ ಬಂದ ಬೈಟುಗಳನ್ನೇ ಕಳಿಸಬೇಕು, ಬದಲಾಗಬೇಕಾದ ಜಾಗದಲ್ಲಿ ಮಾತ್ರ ಕತ್ತರಿಸಿ ಸೇರಿಸಬೇಕು. ಮರದಿಂದ ಮೇಲ್ ಮತ್ತೆ ಹುಟ್ಟಿಸಿದರೆ ಅರ್ಥ ಅದೇ ಇರುತ್ತೆ, ಬೈಟು ಬೇರೆ ಆಗುತ್ತೆ. ಸಹಿಗಳು ನೋಡೋದು ಬೈಟನ್ನೇ.

ನಿಮ್ಮ ಕೋಡ್‌ನಲ್ಲಿ ಎಲ್ಲೆಲ್ಲಿ ಬೈಟು ಬದಲಾಗ್ತಿದೆ ಅಂತ ಮೊದಲು ನೋಡಿ.

ಸೆಟ್ ಕಂಟೆಂಟ್ ಹಳೆಯ ಟ್ರಾನ್ಸ್‌ಫರ್ ಎನ್‌ಕೋಡಿಂಗ್ (ಬಾಡಿಯನ್ನು ಸಾಗಿಸೋಕೆ ಬರೆಯೋ ರೂಪ) ಅನ್ನು ಲೆಕ್ಕಕ್ಕೇ ತಗೊಳ್ಳಲ್ಲ, ತಾನೇ ಹೊಸದಾಗಿ ಆರಿಸಿಕೊಳ್ಳುತ್ತೆ. ಎಲ್ಲ ಸಾಲೂ 78 ಬೈಟಿನ ಒಳಗಿದ್ದರೆ 7 ಬಿಟ್ ಅಥವಾ 8 ಬಿಟ್. ಒಂದೇ ಒಂದು ಸಾಲು ಮೀರಿದರೂ ಮೊದಲ 10 ಸಾಲನ್ನು ಎರಡೂ ರೀತಿ ಎನ್‌ಕೋಡ್ ಮಾಡಿ, ಕ್ವೋಟೆಡ್ ಪ್ರಿಂಟಬಲ್ ಮತ್ತು ಬೇಸ್64ರಲ್ಲಿ (ಎರಡೂ ಬೈಟುಗಳನ್ನು ಬರೀ ಆಸ್ಕಿ ಅಕ್ಷರಗಳಲ್ಲಿ ಬರೆಯೋ ರೀತಿಗಳು) ಯಾವುದು ಚಿಕ್ಕದೋ ಅದನ್ನು ಇಟ್ಟುಕೊಳ್ಳುತ್ತೆ. ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯುನಿಕೋಡ್‌ನಲ್ಲಿ ಸಂಖ್ಯೆ ಇರೋ ಒಂದೊಂದು ಅಕ್ಷರ ಅಥವಾ ಚಿಹ್ನೆ) ಯುಟಿಎಫ್-8ರಲ್ಲಿ 3 ಬೈಟು, ಅಂದರೆ 26 ಕೋಡ್‌ಪಾಯಿಂಟ್‌ಗೇ 78 ಮುಗಿಯಿತು. ಕ್ವೋಟೆಡ್ ಪ್ರಿಂಟಬಲ್‌ನಲ್ಲಿ ಆ 3 ಬೈಟು 9 ಅಕ್ಷರ, ಬೇಸ್64ರಲ್ಲಿ 4. ಹಾಗಾಗಿ ಕನ್ನಡದ ಮೇಲ್ ಹೆಚ್ಚುಕಡಿಮೆ ಯಾವಾಗಲೂ ಬೇಸ್64 ಆಗಿ ಹೊರಬರುತ್ತೆ, ಮೂಲದಲ್ಲಿ ಏನೇ ಇದ್ದಿರಲಿ.

ಸೂಚನೆ ಹಾಕದ ಮೇಲ್ ಕೂಡ ಕೆಡೋದಕ್ಕೆ ಕಾರಣ ಸೆಂಡ್ ಮೆಸೇಜ್. ಅದು ಮೆಸೇಜ್ ಆಬ್ಜೆಕ್ಟ್‌ನಿಂದ ಬೈಟುಗಳನ್ನು ಹೊಸದಾಗಿ ಉತ್ಪಾದಿಸುತ್ತೆ, ಬಿಸಿಸಿ ಹೆಡರ್ ಇದ್ದರೆ ತೆಗೆದೂ ಹಾಕುತ್ತೆ. ಡಿಫಾಲ್ಟ್ ಪಾಲಿಸಿ 78 ದಾಟಿದ ಹೆಡರ್ ಸಾಲುಗಳನ್ನು ಬಿಚ್ಚಿ ಮತ್ತೆ ಮಡಚುತ್ತೆ. ಹಳೆಯ ಪೈಥಾನ್ ಆವೃತ್ತಿಗಳಲ್ಲಿ ಉದ್ದದ ಮೆಸೇಜ್-ಐಡಿಯನ್ನೂ ಎನ್‌ಕೋಡೆಡ್ ವರ್ಡ್ (ಹೆಡರ್‌ನಲ್ಲಿ ಆಸ್ಕಿ ಅಲ್ಲದ ಅಕ್ಷರ ಬರೆಯೋ ರೂಪ) ಮಾಡಿಬಿಡುತ್ತಿತ್ತು, ಅಲ್ಲಿಗೆ ಉತ್ತರಗಳ ಸರಪಳಿಯೇ ಕಡಿದುಹೋಗುತ್ತೆ.

ರೀಫೋಲ್ಡ್ ಸೋರ್ಸ್ ಆಯ್ಕೆಗೆ ನನ್ ಕೊಟ್ಟರೆ ಮಡಚೋದು ನಿಲ್ಲುತ್ತೆ. ಆದರೂ ಸಾಲದು. ಹೆಡರ್ ಹೆಸರಿನ ಕೋಲನ್ ನಂತರ ಇರೋ ಖಾಲಿ ಜಾಗವನ್ನು ಪಾರ್ಸರ್ ಎಸೆಯುತ್ತೆ, ಬರೆಯುವಾಗ ಒಂದು ಸ್ಪೇಸ್ ಇಡುತ್ತೆ. ಮೂಲದಲ್ಲಿ ಸ್ಪೇಸ್ ಇಲ್ಲದೇ ಇದ್ದಿರಬಹುದು, ಟ್ಯಾಬ್ ಇದ್ದಿರಬಹುದು. ಮೇಲ್‌ನಲ್ಲಿ ಸಾಲು ಮುಗಿಯೋದು ಸಿಆರ್, ಎಲ್‌ಎಫ್ ಅನ್ನೋ ಎರಡು ಬೈಟಿನಿಂದ (ಸಿಆರ್‌ಎಲ್‌ಎಫ್). ಒಂಟಿ ಸಿಆರ್ ಇದ್ದರೂ ಜನರೇಟರ್ ಅದನ್ನು ಪೂರ್ತಿ ಸಾಲಿನ ಅಂತ್ಯ ಮಾಡುತ್ತೆ. ಹೆಡರ್ ಮತ್ತು ಬಾಡಿ ನಡುವಿನ ಖಾಲಿ ಸಾಲು ಬಿಟ್ಟುಹೋಗಿದ್ದರೆ ತಾನೇ ಸೇರಿಸುತ್ತೆ. ಇವೆಲ್ಲ ಒಳ್ಳೆಯ ಉದ್ದೇಶದ ರಿಪೇರಿಗಳೇ, ಆದರೆ ಗೇಟ್‌ವೇಯ ಕೆಲಸ ರಿಪೇರಿ ಅಲ್ಲ.

ಡಿಕಿಮ್ ಎಷ್ಟು ಸಹಿಸುತ್ತೆ ಅನ್ನೋದೂ ತಿಳಿದಿರಲಿ. 2011ರ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡದ ದಾಖಲೆ) 6376ರ ಪ್ರಕಾರ ಸಿಂಪಲ್ ಬಾಡಿ ವಿಧಾನ ಕೊನೆಯ ಖಾಲಿ ಸಾಲುಗಳನ್ನು ಬಿಟ್ಟರೆ ಇನ್ನೇನನ್ನೂ ಕ್ಷಮಿಸಲ್ಲ. ರಿಲ್ಯಾಕ್ಸ್ಡ್ ವಿಧಾನ ಸಾಲಿನ ಕೊನೆಯ ಸ್ಪೇಸ್ ಬಿಟ್ಟುಬಿಡುತ್ತೆ, ಸಾಲಾಗಿ ಇರೋ ಸ್ಪೇಸ್-ಟ್ಯಾಬ್‌ಗಳನ್ನು ಒಂದೇ ಸ್ಪೇಸ್ ಅಂತ ಎಣಿಸುತ್ತೆ. ಟ್ರಾನ್ಸ್‌ಫರ್ ಎನ್‌ಕೋಡಿಂಗ್ ಬದಲಾದರೆ, ಬೇಸ್64 ಸಾಲಿನ ಉದ್ದ 76ರಿಂದ 72 ಆದರೆ, ಬೌಂಡರಿ (ಮೇಲ್‌ನ ಭಾಗಗಳನ್ನು ಬೇರ್ಪಡಿಸೋ ಸಾಲು) ಹೆಸರು ಬದಲಾದರೆ ಎರಡೂ ವಿಧಾನದಲ್ಲಿ ಫೇಲ್. ಹೆಡರ್‌ಗೆ ರಿಲ್ಯಾಕ್ಸ್ಡ್ ಇದ್ದರೆ ಮತ್ತೆ ಮಡಚಿದರೂ ನಡೆಯುತ್ತೆ ಅಂತ ಸುಮಾರು ಜನ ನಂಬಿದ್ದಾರೆ. ಮೊದಲೇ ಸ್ಪೇಸ್ ಇದ್ದ ಕಡೆ ಮಡಚಿದರೆ ಮಾತ್ರ ಅದು ನಿಜ. ಸ್ಪೇಸ್ ಇಲ್ಲದ ಕಡೆ ಮಡಚಿದರೆ ಹೊಸ ಸ್ಪೇಸ್ ಹುಟ್ಟುತ್ತೆ, ಹ್ಯಾಶ್ ಬದಲಾಗುತ್ತೆ.

ಈಗ ಮಾಡಬೇಕಾದ್ದು. ಫಿಲ್ಟರ್‌ಗೆ ಬಂದ ಬೈಟುಗಳನ್ನು ಒಂದು ವೇರಿಯೇಬಲ್‌ನಲ್ಲಿ ಹಾಗೇ ಹಿಡಿದಿಡಿ, ಅದನ್ನು ಯಾರೂ ತಿದ್ದಬಾರದು. ದಾಖಲೆಯ ಪ್ರತಿಯನ್ನು ಇಲ್ಲೇ, ಎಲ್ಲಕ್ಕಿಂತ ಮೊದಲು ಬರೆದುಬಿಡಿ. ಆಮೇಲೆ ಬೇಕಾದರೆ ಪೈಥಾನ್ ಪಾರ್ಸರ್‌ಗೆ ಕೊಟ್ಟು ಸಹಿ ಇದೆಯಾ, ಎಂಥ ಭಾಗಗಳಿವೆ ಅಂತ ನೋಡಿ, ನಿರ್ಧಾರ ತಗೊಳ್ಳಿ.

ಕಡತ ಸಂಖ್ಯೆಯ ಹೆಡರ್ ಅನ್ನು ಬೈಟುಗಳ ತೀರಾ ಮೊದಲಿಗೆ, ಸೊನ್ನೆಯ ಜಾಗದಲ್ಲಿ ಸೇರಿಸಿ, ಕೊನೆಗೆ ಸಿಆರ್‌ಎಲ್‌ಎಫ್ ಇರಲಿ. ಮೊದಲಿಗೇ ಹಾಕಿದರೆ ಮಡಚಿದ ಯಾವ ಹೆಡರ್‌ನ ನಡುವೆಯೂ ಬೀಳಲ್ಲ, ಹೆಡರ್ ಎಲ್ಲಿ ಮುಗಿಯುತ್ತೆ ಅಂತ ಹುಡುಕಬೇಕಾಗಿಲ್ಲ, ಡಿಕಿಮ್ ಸಹಿಗೂ ಧಕ್ಕೆ ಇಲ್ಲ. ಆ ಹೆಸರಿನ ಹೆಡರ್ ಕಳಿಸಿದವರ ಸಹಿಯ ಪಟ್ಟಿಯಲ್ಲಿ ಇರಬಾರದು ಅಷ್ಟೇ, ಹಾಗಾಗಿ ನಿಮ್ಮದೇ ಆದ ಹೆಸರು ಇಡಿ.

ಕಳಿಸುವಾಗ ಸೆಂಡ್ ಮೆಸೇಜ್ ಬೇಡ. ಸೆಂಡ್‌ಮೇಲ್ ಫಂಕ್ಷನ್‌ಗೆ ಬೈಟುಗಳನ್ನೇ ಕೊಡಿ. ಸ್ಟ್ರಿಂಗ್ ಕೊಟ್ಟರೆ ಅದು ಸಾಲಿನ ಅಂತ್ಯಗಳನ್ನು ತಿದ್ದಿ ಆಸ್ಕಿಗೆ ಇಳಿಸೋಕೆ ಹೋಗುತ್ತೆ. ಬೈಟು ಕೊಟ್ಟರೆ ಸಾಲಿನ ಮೊದಲ ಚುಕ್ಕಿಗೆ ಇನ್ನೊಂದು ಚುಕ್ಕಿ ಸೇರಿಸೋದು, ಕೊನೆಗೆ ಸಿಆರ್‌ಎಲ್‌ಎಫ್ ಇಲ್ಲದಿದ್ದರೆ ಹಾಕೋದು, ಇಷ್ಟೇ ಮಾಡುತ್ತೆ. ಆ ಚುಕ್ಕಿಯನ್ನು ಆ ಕಡೆಯ ಸರ್ವರ್ ತೆಗೆಯುತ್ತೆ, ನೀವೂ ಸೇರಿಸಿದರೆ ಎರಡಾಗಿ ಒಂದು ಉಳಿದುಬಿಡುತ್ತೆ. 8 ಬಿಟ್ ಬಾಡಿ ಇದ್ದರೆ 8ಬಿಟ್‌ಮೈಮ್ (8 ಬಿಟ್ ಬಾಡಿ ಬರ್ತಿದೆ ಅಂತ ಸರ್ವರ್‌ಗೆ ಹೇಳೋ) ಆಯ್ಕೆಯನ್ನೂ ಜೊತೆಗೆ ಕೊಡಿ.

ಹೊರಹೋಗುವ ಮೇಲ್‌ನ ಡಿಕಿಮ್ ಸಹಿ 10026ರ ಕಡೆ, ಫಿಲ್ಟರ್ ಮುಗಿದ ಮೇಲೆ ಆಗಲಿ. ಒಳಬರುವ ಮೇಲ್‌ನ ಪರಿಶೀಲನೆ ಫಿಲ್ಟರ್‌ಗೆ ಮುಂಚೆ ಆಗಲಿ. ಪೋಸ್ಟ್‌ಫಿಕ್ಸ್‌ನಲ್ಲಿ ಎರಡೂ ಬಾಗಿಲಿಗೆ ಒಂದೇ ಮಿಲ್ಟರ್ (ಸಹಿ ಹಾಕೋ ಪ್ರೋಗ್ರಾಂ ಜೋಡಿಸೋ) ಸಾಲು ಹಾಕಿದರೆ ಸಹಿ ಎರಡು ಸಲ ಬೀಳುತ್ತೆ, ಮೊದಲನೆಯದು ಮುರಿದೇ ಹೋಗುತ್ತೆ. ಪ್ರತಿ ಪೋರ್ಟಿಗೂ ಪ್ರತ್ಯೇಕವಾಗಿ ಬರೆಯಿರಿ.

ಸೂಚನೆ ಸೇರಿಸೋದು ದೊಡ್ಡ ವಿಷಯ. ಮೊದಲು ಇಷ್ಟು ಮಾಡಿ ನೋಡಿ, ಅದನ್ನ ಆಮೇಲೆ ಬರೀತೀನಿ.

---

ಚಂದ್ರವಳ್ಳಿ (ಚಿತ್ರದುರ್ಗ)

ಕನ್ನಡ ಸಬ್ಜೆಕ್ಟ್‌ನಲ್ಲಿ ಅಕ್ಷರ ಹೋಗುವುದರ ಬಗ್ಗೆ ಮಾತ್ರ ಬರೆಯುತ್ತೇನೆ, ಅದಕ್ಕೆ ಲೆಕ್ಕವೇ ಬೇರೆ.

ಎನ್‌ಕೋಡೆಡ್ ವರ್ಡ್ ಒಂದಕ್ಕೆ ಆರ್‌ಎಫ್‌ಸಿ 2047 ಕೊಟ್ಟ ಮಿತಿ 75 ಅಕ್ಷರ, ಅದಿರುವ ಹೆಡರ್ ಸಾಲಿಗೆ 76. ಈ ಸಬ್ಜೆಕ್ಟ್ ತೆಗೆದುಕೊಳ್ಳಿ: "ದಾವಣಗೆರೆ ಮೆಕ್ಕೆಜೋಳದ ದರ". ಹೆಡರ್ ಹೆಸರು, ಕೋಲನ್, ಸ್ಪೇಸ್ ಸೇರಿ 9 ಅಕ್ಷರ. ಉಳಿದದ್ದು 67. ಅದರಲ್ಲಿ ಚಾರ್‌ಸೆಟ್ ಹೆಸರು, ಪ್ರಶ್ನಾರ್ಥಕ ಮತ್ತು ಸಮ ಚಿಹ್ನೆಗಳಿಗೆ 12 ಹೋದರೆ 55. ಬೇಸ್64 ನಾಲ್ಕರ ಗುಂಪಿನಲ್ಲಿ ಬರುವುದರಿಂದ 52, ಅಂದರೆ ಮೊದಲ ಸಾಲಿನಲ್ಲಿ ಹಿಡಿಯುವುದು 39 ಬೈಟು.

ಈಗ ಎಣಿಸಿ. "ದಾವಣಗೆರೆ" 8 ಕೋಡ್‌ಪಾಯಿಂಟ್, 24 ಬೈಟು. ಸ್ಪೇಸ್ ಸೇರಿ 25. ಮ ಬಂದರೆ 28, ಎತ್ವ 31, ಕ 34, ವಿರಾಮ ಚಿಹ್ನೆ (ಅರ್ಧಾಕ್ಷರ ಮಾಡುವ ಹಲಂತ) 37, ಒತ್ತಾಗುವ ಎರಡನೇ ಕ 40. ಬೈಟಿನ ಲೆಕ್ಕದಲ್ಲಿ ಕುರುಡಾಗಿ 39ಕ್ಕೆ ಕತ್ತರಿಸುವ ಸಾಫ್ಟ್‌ವೇರ್ "ಮೆಕ್ಕೆ"ಯ ಎರಡನೇ ಕಕಾರವನ್ನು ಸೀಳುತ್ತದೆ. ಎರಡು ಬೈಟು ಮೊದಲ ತುಂಡಿನಲ್ಲಿ, ಒಂದು ಬೈಟು ಮುಂದಿನ ತುಂಡಿನಲ್ಲಿ. ಬಹುಬೈಟಿನ ಅಕ್ಷರವನ್ನು ಎರಡು ತುಂಡಿಗೆ ಹಂಚಬಾರದು ಎಂದು 2047 ಸ್ಪಷ್ಟವಾಗಿ ಹೇಳುತ್ತದೆ. ಸರಿಯಾದ ಸಾಫ್ಟ್‌ವೇರ್ 37ಕ್ಕೇ ನಿಲ್ಲಿಸಿ, ಉಳಿದ "ಕೆಜೋಳದ ದರ"ವನ್ನು ಎರಡನೇ ತುಂಡಿಗೆ ಹಾಕುತ್ತದೆ. ವಿರಾಮ ಚಿಹ್ನೆಯ ನಂತರ ತುಂಡಾದರೂ ತೊಂದರೆಯಿಲ್ಲ, ಪಕ್ಕಪಕ್ಕದ ಎರಡು ಎನ್‌ಕೋಡೆಡ್ ವರ್ಡ್‌ಗಳ ನಡುವಿನ ಖಾಲಿ ಜಾಗ ಡಿಕೋಡ್ ಮಾಡುವಾಗ ಅಳಿದುಹೋಗಿ ಒತ್ತು ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ.

ತಪ್ಪಾಗಿ ಸೀಳಿದ ಸಬ್ಜೆಕ್ಟ್ ಹೊರಗಿನಿಂದ ಬಂತು ಎಂದಿಟ್ಟುಕೊಳ್ಳಿ. ಓದುವವರ ಮೇಲ್ ಪ್ರೋಗ್ರಾಂ ಎರಡೂ ತುಂಡಿನ ಬೈಟುಗಳನ್ನು ಮೊದಲು ಕೂಡಿಸಿ, ಆಮೇಲೆ ಯುಟಿಎಫ್-8 ಆಗಿ ಓದಿದರೆ ಕಕಾರ ಸರಿಯಾಗಿಯೇ ಕಾಣುತ್ತದೆ. ಅಂದರೆ ಮಾಹಿತಿ ಇನ್ನೂ ಕಳೆದಿಲ್ಲ. ನಿಮ್ಮ ಗೇಟ್‌ವೇ ಪ್ರತಿ ತುಂಡನ್ನು ಬೇರೆಬೇರೆ ಡಿಕೋಡ್ ಮಾಡಿ, ಓದಲಾಗದ ಬೈಟಿನ ಜಾಗಕ್ಕೆ ಬದಲಿ ಚಿಹ್ನೆ ಹಾಕಿ, ಅದನ್ನೇ ಮತ್ತೆ ಎನ್‌ಕೋಡ್ ಮಾಡಿ ಕಳಿಸಿದಾಗ ಮಾತ್ರ ನಷ್ಟ ಶಾಶ್ವತವಾಗುತ್ತದೆ. ಹೆಡರ್ ಮುಟ್ಟದಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ.

ಅಟ್ಯಾಚ್‌ಮೆಂಟ್ ಹೆಸರಿನಲ್ಲೂ ಇದೇ ಕಥೆ. "ಚಿತ್ರದುರ್ಗ" ಎಂಬ ಒಂದು ಪದ 10 ಕೋಡ್‌ಪಾಯಿಂಟ್, 30 ಬೈಟು, ಆರ್‌ಎಫ್‌ಸಿ 2231ರ ಪರ್ಸೆಂಟ್ ರೂಪದಲ್ಲಿ 90 ಅಕ್ಷರ. ಒಂದು ಸಾಲಿಗೆ ಹಿಡಿಯದೆ ಸೊನ್ನೆ, ಒಂದು, ಎರಡು ಎಂದು ಸಂಖ್ಯೆ ಹಾಕಿದ ತುಂಡುಗಳಾಗಿ ಬರುತ್ತದೆ. ಕೆಲವು ಮೇಲ್ ಪ್ರೋಗ್ರಾಂಗಳು ಇದನ್ನು ಬಿಟ್ಟು ಉದ್ಧರಣ ಚಿಹ್ನೆಯೊಳಗೆ ಎನ್‌ಕೋಡೆಡ್ ವರ್ಡ್ ಇಡುತ್ತವೆ. ಅದು ನಿಯಮಕ್ಕೆ ವಿರುದ್ಧ, ಆದರೆ ಚಾಲ್ತಿಯಲ್ಲಿದೆ. ಇನ್ನು ಕೆಲವು ಎರಡೂ ರೂಪ ಇಡುತ್ತವೆ. ಒಂದನ್ನು ಓದಿ ಇನ್ನೊಂದನ್ನು ಅಳಿಸಬೇಡಿ, ಯಾವ ಮೇಲ್ ಪ್ರೋಗ್ರಾಂ ಯಾವುದನ್ನು ಓದುತ್ತದೆ ಎಂದು ಗೇಟ್‌ವೇಗೆ ಗೊತ್ತಿರುವುದಿಲ್ಲ.

ಇನ್ನೆರಡು ಬಲೆಗಳಿವೆ. ಒಂದು, ಕಾಣದ ಅಕ್ಷರಗಳನ್ನು ಭದ್ರತೆಯ ಹೆಸರಿನಲ್ಲಿ ತೆಗೆಯುವ ಫಿಲ್ಟರ್. ಕನ್ನಡದಲ್ಲಿ ಶೂನ್ಯ ಅಗಲದ ನಾನ್‌ಜಾಯ್ನರ್ ಕಸವಲ್ಲ. "ಸಾಫ್ಟ್‌ವೇರ್" ಪದದಲ್ಲಿ ಟ್ ನಂತರ ಅದಿದೆ, ತೆಗೆದರೆ "ಸಾಫ್ಟ್ವೇರ್" ಎಂದು ವಕಾರ ಒತ್ತಾಗಿ ಇಳಿಯುತ್ತದೆ. ಎರಡು, ಯುನಿಕೋಡ್ ನಾರ್ಮಲೈಸೇಷನ್. ಓತ್ವ, ಏತ್ವ, ಐತ್ವದಂಥ ಸ್ವರಚಿಹ್ನೆಗಳನ್ನು ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟು ಬೇರೆ. ಹುಡುಕಾಟದ ಸೂಚಿಗೆ ನಾರ್ಮಲೈಸ್ ಮಾಡಿದ ಪ್ರತಿ ಇಟ್ಟುಕೊಳ್ಳಿ, ಮೇಲ್‌ಗೆ ಅದನ್ನು ವಾಪಸ್ ಬರೆಯಬೇಡಿ.

---

ಕುಂದವಾಡ_ಕೆರೆ (ದಾವಣಗೆರೆ)

ಇಬ್ಬರಿಗೂ ತುಂಬಾ ಧನ್ಯವಾದ. ಹೆಡರ್ ಸೇರಿಸೋದು, ದಾಖಲೆ ಎರಡನ್ನೂ ಹೇಳಿದ ಹಾಗೆ ಬದಲಾಯಿಸಿದ್ವಿ. ಸೂಚನೆ ಹಾಕದ ಮೇಲ್‌ಗಳಲ್ಲಿ ಈಗ ನಮ್ಮ ಹೆಡರ್ ಬಿಟ್ಟರೆ ಒಂದು ಬೈಟೂ ವ್ಯತ್ಯಾಸ ಇಲ್ಲ, ಡಿಕಿಮ್ ಪಾಸ್.

ಎರಡು ವಿಷಯ ಉಳಿದಿದೆ. ಒಂದು, ಸರ್ವರ್‌ನಲ್ಲಿ ಪಾಸ್ ಆಗೋ ಟೆಸ್ಟ್‌ಗಳು ಇನ್ನೊಬ್ಬರ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಫೇಲ್, ಮಾದರಿ ಮೇಲ್ ಫೈಲ್ ಅದೇ, ಕೋಡ್ ಅದೇ. ಎರಡು, ಸೂಚನೆ. ಎಚ್‌ಟಿಎಂಎಲ್ ಭಾಗದಲ್ಲಿ ಬಾಡಿ ಮುಗಿಯೋ ಟ್ಯಾಗ್ ಹುಡುಕಿ ಅದಕ್ಕೆ ಮುಂಚೆ ಬೈಟು ತುರುಕೋಣ ಅಂತ ಹೋದರೆ ಹತ್ತರಲ್ಲಿ ಎರಡು ಮೂರು ಮೇಲ್‌ನಲ್ಲಿ ಟ್ಯಾಗೇ ಸಿಗ್ತಿಲ್ಲ. ತೆರೆದು ನೋಡಿದ್ರೆ ಟ್ಯಾಗ್ ಇದೆ.

---

ಜೋಗಿಮಟ್ಟಿ (ಚಿತ್ರದುರ್ಗ)

ಮೊದಲನೆಯದಕ್ಕೆ ಕಾರಣ ಗಿಟ್ (ಕೋಡ್‌ನ ಆವೃತ್ತಿಗಳನ್ನು ಇಡೋ ಪ್ರೋಗ್ರಾಂ). ಆಟೋ ಸಿಆರ್‌ಎಲ್‌ಎಫ್ ಆನ್ ಇದ್ದ ಯಂತ್ರದಲ್ಲಿ ಮಾದರಿ ಮೇಲ್‌ಗಳ ಸಾಲಿನ ಅಂತ್ಯ ಬದಲಾಗಿರುತ್ತೆ. ಗಿಟ್ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಮೇಲ್ ಫೈಲ್‌ಗಳನ್ನು ಬೈನರಿ ಅಂತ ಗುರುತು ಮಾಡಿ, ಒಮ್ಮೆ ಅಳಿಸಿ ಮತ್ತೆ ತೆಗೆಯಿರಿ. ಎಡಿಟರ್‌ನಲ್ಲಿ ಸಾಲಿನ ಕೊನೆಯ ಸ್ಪೇಸ್ ತೆಗೆಯೋ ಆಯ್ಕೆಯನ್ನೂ ಈ ಫೈಲ್‌ಗಳಿಗೆ ಆಫ್ ಮಾಡಿ. ಮೇಲ್ ಕೊನೆಯ ಹೆಸರು-ವಿಳಾಸದ ಸಾಲಿನ ಮುಂಚೆ ಬರೋ ಎರಡು ಅಡ್ಡಗೆರೆಯ ನಂತರ ಒಂದು ಸ್ಪೇಸ್ ಇರಲೇಬೇಕು. ಫಾರ್ಮ್ಯಾಟ್ ಫ್ಲೋಡ್ ಮೇಲ್‌ಗಳಲ್ಲಂತೂ ಸಾಲಿನ ಕೊನೆಯ ಸ್ಪೇಸ್ ಅಂದರೆ ಪ್ಯಾರಾ ಮುಂದುವರಿದಿದೆ ಅಂತ ಅರ್ಥ.

ಎರಡನೆಯದು. ಆ ಭಾಗ ಕ್ವೋಟೆಡ್ ಪ್ರಿಂಟಬಲ್ ಆಗಿರುತ್ತೆ, ಹೆಕ್ಸ್‌ನಲ್ಲಿ ತೆರೆದು ನೋಡಿ. ಸಾಲು 76ಕ್ಕೆ ಮುಗಿಯಬೇಕು ಅಂತ ಎನ್‌ಕೋಡರ್ ಟ್ಯಾಗಿನ ನಡುವೆಯೇ ಸಮ ಚಿಹ್ನೆ ಹಾಕಿ ಮುಂದಿನ ಸಾಲಿಗೆ ಹೋಗಿರುತ್ತೆ. ಟ್ಯಾಗಿನ ಅರ್ಧ ಒಂದು ಸಾಲಿನಲ್ಲಿ, ಅರ್ಧ ಇನ್ನೊಂದರಲ್ಲಿ. ಡಿಕೋಡ್ ಆದಮೇಲೆ ಒಂದೇ ಟ್ಯಾಗ್, ಬೈಟಿನಲ್ಲಿ ಹುಡುಕಿದರೆ ಸಿಗಲ್ಲ. ಬೇಸ್64 ಭಾಗದಲ್ಲಿ ಹುಡುಕೋ ಮಾತೇ ಇಲ್ಲ, ಕೊನೆಗೆ ಜೋಡಿಸೋಕೂ ಆಗಲ್ಲ, ಪ್ಯಾಡಿಂಗ್ ಚಿಹ್ನೆ ಬಂದಮೇಲೆ ಬರೆದದ್ದನ್ನು ಸುಮಾರು ಡಿಕೋಡರ್‌ಗಳು ನೋಡೋದೇ ಇಲ್ಲ.

ಹಾಗಾಗಿ ಸೂಚನೆಗೆ ನನ್ನ ಸಲಹೆ: ಒಳಗಿನ ಯಾವ ಭಾಗವನ್ನೂ ತಿದ್ದಬೇಡಿ, ಇಡೀ ಮೇಲ್‌ಗೆ ಹೊರಗಿನಿಂದ ಒಂದು ಹೊದಿಕೆ ಹಾಕಿ. ಮೂಲದ ಹೆಡರ್‌ಗಳಲ್ಲಿ ಕಂಟೆಂಟ್ ಅಂತ ಶುರುವಾಗೋವು, ಅಂದರೆ ಕಂಟೆಂಟ್-ಟೈಪ್, ಟ್ರಾನ್ಸ್‌ಫರ್-ಎನ್‌ಕೋಡಿಂಗ್, ಡಿಸ್ಪೊಸಿಷನ್, ಐಡಿ, ಡಿಸ್ಕ್ರಿಪ್ಷನ್, ಇವುಗಳ ಬೈಟುಗಳನ್ನು ಮಡಚಿದ ಸಾಲುಗಳ ಸಮೇತ ಹಾಗೇ ಎತ್ತಿ ಒಳಗಿನ ಭಾಗದ ಹೆಡರ್ ಮಾಡಿ. ಉಳಿದ ಹೆಡರ್‌ಗಳು, ಮೈಮ್-ವರ್ಷನ್ ಸೇರಿ, ಇದ್ದಲ್ಲೇ ಇದ್ದ ಕ್ರಮದಲ್ಲೇ ಇರಲಿ. ಮೈಮ್-ವರ್ಷನ್ ಇಲ್ಲದ ಹಳೇ ಶೈಲಿಯ ಮೇಲ್ ಆದರೆ ಅದನ್ನು ಸೇರಿಸಬೇಕು. ಹೊರಗಡೆ ಮಲ್ಟಿಪಾರ್ಟ್ ಮಿಕ್ಸ್ಡ್ ಅನ್ನೋ ಹೊಸ ಕಂಟೆಂಟ್-ಟೈಪ್ ಬರೆಯಿರಿ. ಆಮೇಲೆ ಹೊಸ ಬೌಂಡರಿ, ಎತ್ತಿಟ್ಟ ಹೆಡರ್‌ಗಳು, ಖಾಲಿ ಸಾಲು, ಮೂಲ ಬಾಡಿ ಇದ್ದ ಹಾಗೇ, ಮತ್ತೆ ಬೌಂಡರಿ, ಯುಟಿಎಫ್-8 ಬೇಸ್64ರಲ್ಲಿ ನಿಮ್ಮ ಸೂಚನೆ, ಮುಕ್ತಾಯದ ಬೌಂಡರಿ.

ಇಲ್ಲಿ ಎಡವೋ ಜಾಗ ಒಂದೇ, ಸಾಲಿನ ಅಂತ್ಯ. ಬೌಂಡರಿ ಸಾಲಿಗೆ ಮುಂಚಿನ ಸಿಆರ್‌ಎಲ್‌ಎಫ್ ಬೌಂಡರಿಯ ಆಸ್ತಿ, ಬಾಡಿಯದಲ್ಲ. ಮೂಲ ಬಾಡಿ ಸಿಆರ್‌ಎಲ್‌ಎಫ್‌ನಿಂದ ಮುಗಿದಿದ್ದರೂ ಅದರ ನಂತರ ಇನ್ನೊಂದು ಸಿಆರ್‌ಎಲ್‌ಎಫ್ ಹಾಕಿಯೇ ಬೌಂಡರಿ ಬರೆಯಬೇಕು. ಹಾಕದಿದ್ದರೆ ಮೂಲದ ಕೊನೆಯ ಸಾಲಿನ ಅಂತ್ಯವನ್ನು ಬೌಂಡರಿ ನುಂಗುತ್ತೆ, ಎರಡು ಬೈಟು ಕಡಿಮೆಯಾಗುತ್ತೆ.

ಬೌಂಡರಿ ಹೆಸರು 70 ಅಕ್ಷರ ಮೀರಬಾರದು, ಮೂಲ ಬಾಡಿಯೊಳಗೆ ಎಲ್ಲೂ ಅದು ಬರಬಾರದು. ಯಾದೃಚ್ಛಿಕವಾಗಿ ಹುಟ್ಟಿಸಿ, ಬಾಡಿಯಲ್ಲಿ ಒಮ್ಮೆ ಹುಡುಕಿ, ಸಿಕ್ಕರೆ ಬೇರೆ ಹುಟ್ಟಿಸಿ. ನೀವೇ ಭಾಗಗಳ ಗಡಿ ಹುಡುಕೋ ಕೋಡ್ ಬರೆದರೆ ಸಾಲಿನ ಮೊದಲ ಕೆಲವು ಅಕ್ಷರ ಹೋಲಿಸಿ ಬಿಡಬೇಡಿ. ಒಳಗಿನ ಬೌಂಡರಿ ಹೊರಗಿನ ಬೌಂಡರಿಯ ಹೆಸರನ್ನೇ ಉದ್ದ ಮಾಡಿದ್ದಾಗಿರಬಹುದು. ಕೊನೆಯ ಸ್ಪೇಸ್ ಕಳೆದು ಇಡೀ ಸಾಲನ್ನು ಹೋಲಿಸಿ.

ಹೊದಿಕೆಯ ದೊಡ್ಡ ಲಾಭ ಸಹಿ ಇರೋ ಮೇಲ್‌ಗಳಿಗೆ. ಮಲ್ಟಿಪಾರ್ಟ್ ಸೈನ್ಡ್‌ನಲ್ಲಿ ಸಹಿ ಆಗಿರೋದು ಮೊದಲ ಭಾಗದ ಬೈಟುಗಳಿಗೆ, ಆ ಭಾಗದ ಮೈಮ್ ಹೆಡರ್‌ಗಳೂ ಸೇರಿ. ಹೊದಿಕೆಯೊಳಗೆ ಅವು ಹಾಗೇ ಇರೋದರಿಂದ ಸಹಿ ಗಣಿತದ ಪ್ರಕಾರ ಸರಿಯಾಗೇ ಇರುತ್ತೆ. ಆದರೆ ಮೇಲ್ ಪ್ರೋಗ್ರಾಂ ಇಡೀ ಮೇಲ್‌ಗೆ ಸಹಿ ಇದೆ ಅಂತ ತೋರಿಸದೆ ಒಂದು ಭಾಗಕ್ಕೆ ಮಾತ್ರ ಅಂತ ತೋರಿಸಬಹುದು. ಸಹಿ ಅಥವಾ ಎನ್‌ಕ್ರಿಪ್ಷನ್ ಇರೋ ಮೇಲ್‌ಗೆ ಸೂಚನೆಯನ್ನೇ ಬಿಟ್ಟುಬಿಡಿ ಅಂತ ಸಂಘದವರನ್ನು ಒಪ್ಪಿಸಿ. ಎರಡು ಸಾಲಿನ ಸೂಚನೆಗಿಂತ ಆ ಸಹಿಗೆ ಬೆಲೆ ಜಾಸ್ತಿ.

---

ಹರಿಹರ_ಸೇತುವೆ (ಹರಿಹರ)

ಫಿಲ್ಟರ್ ಸರಿ ಆದಮೇಲೂ ಪೋಸ್ಟ್‌ಫಿಕ್ಸ್ ಕಡೆ ಎರಡು ಕಡೆ ಬೈಟು ಬದಲಾಗುತ್ತೆ, ಅದನ್ನ ಯಾರೂ ಹೇಳಲಿಲ್ಲ.

ಕಳಿಸುವಾಗ ಪೋಸ್ಟ್‌ಫಿಕ್ಸ್ ಸಾಲಿನ ಮಿತಿ 998 ಬೈಟು. ಅದಕ್ಕಿಂತ ಉದ್ದದ ಸಾಲು ಬಂದರೆ ನಡುವೆ ಸಿಆರ್‌ಎಲ್‌ಎಫ್ ಮತ್ತು ಒಂದು ಸ್ಪೇಸ್ ತುರುಕಿ ಮುರಿಯುತ್ತೆ. 332 ಕನ್ನಡ ಕೋಡ್‌ಪಾಯಿಂಟ್‌ಗೆ 996 ಬೈಟು, 333ನೆಯದು ಬಂದರೆ 999. ಒಂದು ಪ್ಯಾರಾ ಪೂರ್ತಿ ಒಂದೇ ಸಾಲಾಗಿ, 8 ಬಿಟ್‌ನಲ್ಲಿ ಬರೆಯೋ ಪ್ರೋಗ್ರಾಂಗಳಿವೆ, ಇಂಗ್ಲಿಷಿನಲ್ಲಿ ಸುಸೂತ್ರವಾಗಿ ಹೋಗೋ ಅದೇ ಪ್ರೋಗ್ರಾಂ ಕನ್ನಡದಲ್ಲಿ ಮಿತಿ ದಾಟುತ್ತೆ. ಮುರಿಯೋ ಜಾಗ ಮೂರು ಬೈಟಿನ ಅಕ್ಷರದ ನಡುವೆಯೇ ಬೀಳಬಹುದು. ಡಿಕಿಮ್ ಸಹಿ ಅದಕ್ಕೆ ಮುಂಚೆಯೇ ಆಗಿರುತ್ತೆ, ಅದೂ ಹೋಯ್ತು. ನಿಮ್ಮ ಶಾಖೆಗಳ ದರಪಟ್ಟಿ ಕಳಿಸೋ ಪ್ರೋಗ್ರಾಂ ನಿಮ್ಮದೇ ಆಗಿದ್ದರೆ ಅದರಲ್ಲೇ ಬೇಸ್64 ಅಥವಾ ಕ್ವೋಟೆಡ್ ಪ್ರಿಂಟಬಲ್ ಮಾಡಿ ಕಳಿಸಿ.

ಇನ್ನೊಂದು, ಆ ಕಡೆಯ ಸರ್ವರ್ 8ಬಿಟ್‌ಮೈಮ್ ಇದೆ ಅಂತ ಹೇಳದಿದ್ದರೆ ಪೋಸ್ಟ್‌ಫಿಕ್ಸ್ 8 ಬಿಟ್ ಬಾಡಿಯನ್ನು ಕ್ವೋಟೆಡ್ ಪ್ರಿಂಟಬಲ್ ಮಾಡಿ ಕಳಿಸುತ್ತೆ. ಇದೂ ಸಹಿ ಆದಮೇಲೆ ನಡೆಯೋದು. ಮೂಲದಲ್ಲೇ 7 ಬಿಟ್ ಇದ್ದರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತೆ. ಪಿಜಿಪಿ ಮೈಮ್‌ನ ಆರ್‌ಎಫ್‌ಸಿ 3156 ಸಹಿ ಮಾಡೋ ಭಾಗ 7 ಬಿಟ್‌ನಲ್ಲೇ ಇರಬೇಕು ಅಂತ ಕಡ್ಡಾಯ ಮಾಡಿರೋದು ಇಂಥದ್ದಕ್ಕೇ.

ಜೊತೆಗೆ ಸಿಆರ್ ಇಲ್ಲದ ಒಂಟಿ ಎಲ್‌ಎಫ್ ಬಗ್ಗೆ: 2023ರ ಡಿಸೆಂಬರ್‌ನಲ್ಲಿ ಎಸ್‌ಎಂಟಿಪಿ ಸ್ಮಗ್ಲಿಂಗ್ ದಾಳಿ (ಒಂದು ಮೇಲ್‌ನೊಳಗೆ ಇನ್ನೊಂದನ್ನು ನುಸುಳಿಸೋದು) ಹೊರಬಿದ್ದ ಮೇಲೆ ಪೋಸ್ಟ್‌ಫಿಕ್ಸ್ 3.9 ಡಿಫಾಲ್ಟ್ ಆಗಿ ಅದನ್ನು ಸರಿಪಡಿಸಿಯೇ ಒಳಗೆ ಬಿಡುತ್ತೆ. ಅಂದರೆ ಅಂಥ ಮೇಲ್‌ನ ಮೂಲ ಬೈಟು ನಿಮ್ಮ ಫಿಲ್ಟರ್‌ಗೆ ಬರೋದೇ ಇಲ್ಲ. ಇದನ್ನು ಆಫ್ ಮಾಡಬೇಡಿ, ಇಲ್ಲಿ ಭದ್ರತೆಯೇ ಮುಖ್ಯ.

ಜಾವಾದಲ್ಲಿ ಇದೇ ಕೆಲಸ ಮಾಡೋರು ಇದ್ದರೆ: ಜಕಾರ್ತಾ ಮೇಲ್‌ನ ಮೈಮ್ ಮೆಸೇಜ್ ಅನ್ನು ಓದಿ, ಮುಟ್ಟದೆ ಬರೆದರೆ ಬಾಡಿಯ ಮೂಲ ಬೈಟು ಉಳಿಯುತ್ತೆ. ಸೇವ್ ಚೇಂಜಸ್ ಕರೆದ ಕ್ಷಣ ಮೆಸೇಜ್-ಐಡಿ ಹೊಸದಾಗುತ್ತೆ. ಕರೆಯಲೇಬೇಕಾದರೆ ಉಪವರ್ಗ ಮಾಡಿ ಐಡಿ ಬದಲಾಯಿಸೋ ಮೆಥಡ್ ಅನ್ನು ಖಾಲಿ ಬಿಡಿ. ಡಾಟ್‌ನೆಟ್‌ನಲ್ಲಿ ಮೈಮ್‌ಕಿಟ್ ಇದೆ, ಓದಿದ್ದನ್ನು ಓದಿದ ಹಾಗೇ ಬರೆಯಬೇಕು ಅನ್ನೋದು ಅದರ ವಿನ್ಯಾಸದಲ್ಲೇ ಇದೆ.

---

ಕುಂದವಾಡ_ಕೆರೆ (ದಾವಣಗೆರೆ)

ಸರ್, ಟ್ಯಾಗ್ ಒಡೆದಿರೋದು ಹೆಕ್ಸ್‌ನಲ್ಲಿ ಕಣ್ಣಾರೆ ಕಾಣಿಸ್ತು, ಹೊದಿಕೆ ವಿಧಾನಕ್ಕೇ ಹೋಗ್ತೀವಿ. ಕೊನೆಯದಾಗಿ ಎರಡು ಪ್ರಶ್ನೆ. ಟೆಸ್ಟ್‌ನಲ್ಲಿ ಏನನ್ನ ಹೋಲಿಸಬೇಕು? ದಾಖಲೆಯ ಪ್ರತಿಗೆ ಹ್ಯಾಶ್ ಯಾವ ಹಂತದಲ್ಲಿ ತೆಗೀಬೇಕು?

---

ಜೋಗಿಮಟ್ಟಿ (ಚಿತ್ರದುರ್ಗ)

ಟೆಸ್ಟ್‌ಗೆ ಒಂದೇ ನಿಯಮ ಸಾಕು: ಹೊರಬಂದ ಬೈಟುಗಳಿಂದ ನೀವು ಸೇರಿಸಿದ್ದನ್ನು ಕಳೆದು, ಎತ್ತಿಟ್ಟ ಕಂಟೆಂಟ್ ಹೆಡರ್‌ಗಳನ್ನು ಇದ್ದ ಜಾಗಕ್ಕೆ ಮರಳಿಸಿದರೆ, ಒಳಬಂದ ಬೈಟು ಅಕ್ಷರಶಃ ಸಿಗಬೇಕು. ಅದಕ್ಕಾಗಿ ಪ್ರತಿ ಸೇರ್ಪಡೆಯ ಜಾಗ ಮತ್ತು ಉದ್ದ, ಎತ್ತಿದ ಹೆಡರ್‌ಗಳ ಮೂಲ ಜಾಗ ಎಲ್ಲವನ್ನೂ ಫಿಲ್ಟರ್ ಒಂದು ಪಟ್ಟಿಯಲ್ಲಿ ಬರೆದಿಡಲಿ. ಹೋಲಿಕೆ ಬೈಟಿನ ಮಟ್ಟದಲ್ಲೇ ಆಗಬೇಕು, ಸಿಎಂಪಿ ಕಮಾಂಡ್ ಸಾಕು. ಎರಡನ್ನೂ ಪಾರ್ಸ್ ಮಾಡಿ ಮರಗಳನ್ನು ಹೋಲಿಸಿದರೆ ಏನೂ ತಿಳಿಯಲ್ಲ, ಪಾರ್ಸರ್ ಮುಚ್ಚಿಹಾಕೋ ವ್ಯತ್ಯಾಸಗಳನ್ನೇ ನಾವು ಹುಡುಕ್ತಿರೋದು.

ಮಾದರಿಗಳಲ್ಲಿ ಇವು ಇರಲೇಬೇಕು: ಕೊನೆಯ ಸಾಲಿನ ಅಂತ್ಯವಿಲ್ಲದ ಮೇಲ್, ಬಾಡಿಯೇ ಇಲ್ಲದ ಮೇಲ್, ಒಂದೇ ಹೆಸರಿನ ಹೆಡರ್ ಎರಡು ಸಲ ಇರೋದು, ಕೋಲನ್ ನಂತರ ಸ್ಪೇಸ್ ಇಲ್ಲದ ಹೆಡರ್, ಮೊದಲ ಬೌಂಡರಿಗೆ ಮುಂಚೆ ಮತ್ತು ಕೊನೆಯ ಬೌಂಡರಿಯ ನಂತರ ಪಠ್ಯ ಇರೋದು, ಮುಕ್ತಾಯದ ಬೌಂಡರಿಯೇ ಬರದೆ ನಿಂತುಹೋದದ್ದು, ಮೇಲ್‌ನೊಳಗೆ ಮೇಲ್, ಚುಕ್ಕಿಯಿಂದ ಶುರುವಾಗೋ ಸಾಲು, ಫ್ರಮ್ ಅನ್ನೋ ಪದದಿಂದ ಶುರುವಾಗೋ ಸಾಲು, ಚಂದ್ರವಳ್ಳಿಯವರು ಹೇಳಿದ ಸೀಳಿದ ಸಬ್ಜೆಕ್ಟ್.

ಫ್ರಮ್ ಸಾಲು ಯಾಕೆ ಅಂದರೆ, ದಾಖಲೆಯನ್ನು ಎಂಬಾಕ್ಸ್ (ಹಲವು ಮೇಲ್‌ಗಳನ್ನು ಸಾಲಾಗಿ ಇಡೋ) ಫೈಲ್‌ನಲ್ಲಿ ಇಟ್ಟರೆ ಅಂಥ ಸಾಲಿನ ಮುಂದೆ > ಚಿಹ್ನೆ ಬೀಳುತ್ತೆ. ಹಳೆಯ ಎಂಬಾಕ್ಸ್ ರೂಪದಲ್ಲಿ ಆ ಚಿಹ್ನೆ ಮೊದಲಿಂದ ಇತ್ತಾ, ಆಮೇಲೆ ಬಂತಾ ಅಂತ ಗೊತ್ತುಮಾಡೋ ದಾರಿಯೇ ಇಲ್ಲ. ಎಂಬಾಕ್ಸ್ ಬೇಡ, ಒಂದು ಮೇಲ್‌ಗೆ ಒಂದು ಫೈಲ್.

ಹ್ಯಾಶ್ ಅನ್ನು ಫಿಲ್ಟರ್‌ಗೆ ಬಂದ ಬೈಟುಗಳ ಮೇಲೆ, ಕಡತ ಸಂಖ್ಯೆಯ ಹೆಡರ್ ಹಾಕೋದಕ್ಕೆ ಮುಂಚೆ ತೆಗೆಯಿರಿ. ಎಸ್‌ಎಚ್‌ಎ-256 ಸಾಕು. ಫೈಲ್ ಬರೆಯುವಾಗ ಬೈನರಿ ಮೋಡ್‌ನಲ್ಲಿ, ಸಿಆರ್‌ಎಲ್‌ಎಫ್ ಸಮೇತ ಬರೆಯಿರಿ. ಮೇಲ್‌ಡೈರ್‌ಗೆ (ಒಂದು ಮೇಲ್‌ಗೆ ಒಂದು ಫೈಲ್ ಇಡೋ ಫೋಲ್ಡರ್ ರೂಪ) ಹಾಕೋ ಪ್ರೋಗ್ರಾಂಗಳು ಸಾಮಾನ್ಯವಾಗಿ ಬರೀ ಎಲ್‌ಎಫ್ ಇಡುತ್ತವೆ. ಆ ಪ್ರತಿಯ ಹ್ಯಾಶ್ ತೆಗೆದು ಫಿಲ್ಟರ್‌ನ ಹ್ಯಾಶ್ ಜೊತೆ ಹೋಲಿಸಿದರೆ ಯಾವತ್ತೂ ಹೊಂದಲ್ಲ. ಹ್ಯಾಶ್ ಮತ್ತು ಬೈಟು ಲೆಕ್ಕವನ್ನು ಕಡತ ಸಂಖ್ಯೆಯ ಜೊತೆ ಡೇಟಾಬೇಸ್‌ನಲ್ಲಿ ಇಡಿ, ಮೇಲ್‌ನೊಳಗೆ ಬರೆಯಬೇಡಿ. ಲೆಕ್ಕಪರಿಶೋಧಕರಿಗೆ ಕೊಡುವಾಗ ಫೈಲ್ ಅನ್ನು ಜಿಪ್ ಮಾಡಿ ಕೊಡಿ, ಮೇಲ್‌ನಲ್ಲಿ ಫಾರ್ವರ್ಡ್ ಮಾಡಿದರೆ ದಾರಿಯಲ್ಲಿ ಮತ್ತೆ ಯಾರಾದರೂ ತಿದ್ದುತ್ತಾರೆ.